ಅರ್ಥಶಾಸ್ತ್ರ, ಬಿಸಿನೆಸ್ ಬರೀ ಕೇಳಿ ಕಲಿಯೋಕೆ ಆಗುತ್ತಾ? ಪಾಡ್‌ಕಾಸ್ಟ್, ಉಪನ್ಯಾಸ, ಸಂದರ್ಶನ ಕೇಳೋರು ಸ್ವಲ್ಪ ಹೇಳಿ

ಕಿವಿಗೊಟ್ಟವ
ಪಾಡ್‌ಕಾಸ್ಟ್, ಯೂನಿವರ್ಸಿಟಿ ಉಪನ್ಯಾಸ, ಕಂಪನಿ ಕಟ್ಟಿದವರ ಸಂದರ್ಶನ, ಯಾವುದಕ್ಕೂ ಬರ ಇಲ್ಲ. ಕೇಳ್ತಾ ಇರುವಾಗ ಎಲ್ಲಾ ಅರ್ಥ ಆದ ಹಾಗಿರುತ್ತೆ. ಮುಗಿದ ಮೇಲೆ "ಏನು ಹೇಳಿದ್ರು?" ಅಂತ ಯಾರಾದ್ರೂ ಕೇಳಿದ್ರೆ ಎರಡು ವಾಕ್ಯ ಬಾಯಿಗೆ ಬರಲ್ಲ. ಹಾಗಾಗಿ ಮೂರು ಪ್ರಶ್ನೆ. ಯಾವುದನ್ನ ಮೊದಲು ಕೇಳಬೇಕು? ಎಷ್ಟು ವೇಗದಲ್ಲಿ ಕೇಳಬೇಕು? ದೊಡ್ಡ ದೊಡ್ಡವರೇ ಒಬ್ಬರಿಗೊಬ್ಬರು ಉಲ್ಟಾ ಹೇಳಿದ್ರೆ ಯಾರನ್ನ ನಂಬೋದು?

ಮೂರನೇಬೆಂಚು
ಎರಡು ಪಟ್ಟು ವೇಗದಲ್ಲಿ ಕೇಳಿ ಗುರು. ಅರ್ಧ ಹೊತ್ತಿನಲ್ಲೇ ಮರೆತುಬಿಡಬಹುದು.

ಸೀಮಾಂತ
ಮೊದಲ ಪ್ರಶ್ನೆಗೆ ಉತ್ತರ. ಉಪನ್ಯಾಸ ಬೇರೆ, ಸಂದರ್ಶನ ಬೇರೆ. ಉಪನ್ಯಾಸದಲ್ಲಿ ನಿನ್ನೆಯ ಪಾಠದ ಮೇಲೆ ಇವತ್ತಿನದು ನಿಂತಿರುತ್ತೆ. ಸಂದರ್ಶನ ಅಂದ್ರೆ ಒಬ್ಬ ಸಾಕ್ಷಿಯ ಹೇಳಿಕೆ. ಹೇಳಿಕೆ ತೂಗಿ ನೋಡೋಕೆ ಮೊದಲು ತಕ್ಕಡಿ ಇರಬೇಕಲ್ಲ.

ಅಮೆರಿಕದ ಎಂಐಟಿ ಯೂನಿವರ್ಸಿಟಿಯ ಓಪನ್‌ಕೋರ್ಸ್‌ವೇರ್ ಜಾಲತಾಣದಲ್ಲಿ ಜೊನಾಥನ್ ಗ್ರೂಬರ್ ಅವರ ಸೂಕ್ಷ್ಮ ಅರ್ಥಶಾಸ್ತ್ರ (ಗ್ರಾಹಕ, ಕಂಪನಿ, ಬೆಲೆ ಇವುಗಳ ಮಟ್ಟದ್ದು) ಪಾಠಗಳಿವೆ, ಪುಕ್ಕಟೆ. ವಿಡಿಯೋಗಿಂತ ಅದರ ಜೊತೆಗಿರೋ ಅಭ್ಯಾಸದ ಲೆಕ್ಕಗಳೇ ಮುಖ್ಯ. ಬೇಡಿಕೆ-ಪೂರೈಕೆ, ಸ್ಥಿತಿಸ್ಥಾಪಕತ್ವ, ಉತ್ಪಾದನಾ ವೆಚ್ಚ ಇಷ್ಟನ್ನ ಲೆಕ್ಕ ಬಿಡಿಸಿಕೊಂಡು ಮುಗಿಸಿ. ಆಮೇಲೆ ಯೇಲ್ ಯೂನಿವರ್ಸಿಟಿಯ ಬೆನ್ ಪೊಲಾಕ್ ಅವರ ಗೇಮ್ ಥಿಯರಿ (ಬೇರೆಯವರು ಏನು ಮಾಡ್ತಾರೆ ಅಂತ ಊಹಿಸಿ ನಮ್ಮ ನಡೆ ಆರಿಸೋ ಶಾಸ್ತ್ರ), 2007ರ ತರಗತಿಯ ರೆಕಾರ್ಡಿಂಗ್. ಹಣಕಾಸಿನ ಕಡೆ ಒಲವಿದ್ರೆ ಅಲ್ಲೇ ರಾಬರ್ಟ್ ಶಿಲ್ಲರ್ ಅವರದ್ದೂ ಇದೆ, 2008ರದ್ದು ಒಂದು, 2011ರದ್ದು ಇನ್ನೊಂದು. 2008ರ ಸೆಪ್ಟೆಂಬರ್‌ನ ಆರ್ಥಿಕ ಕುಸಿತದ ಮುಂಚೆ ಮತ್ತು ಆಮೇಲೆ ಅದೇ ಮೇಷ್ಟ್ರು ಅದೇ ವಿಷಯ ಹೇಗೆ ಹೇಳಿದ್ರು ಅಂತ ಹೋಲಿಸೋದೇ ಒಂದು ಪಾಠ.

ಇದಿಷ್ಟು ಆದ ಮೇಲೆ ಸಂದರ್ಶನಕ್ಕೆ ಕೈ ಹಾಕಿ.

ತಕ್ಕಡಿ
ಒಪ್ಪಲ್ಲ. ಕೋರ್ಸ್‌ನಿಂದ ಶುರು ಮಾಡಿದವರು ನಾಲ್ಕನೇ ಪಾಠಕ್ಕೆ ಕೈ ಎತ್ತುತ್ತಾರೆ. ಒಂದು ಪ್ರಶ್ನೆಯಿಂದ ಶುರು ಮಾಡಿ. "ಬಡ್ಡಿ ದರ ಏರಿಸಿದ್ರೆ ಬೆಲೆ ಏರಿಕೆ ಯಾಕೆ ತಗ್ಗಬೇಕು?" ಅಂತ ಒಂದೇ ಪ್ರಶ್ನೆ ಇಟ್ಟುಕೊಂಡು ಅದಕ್ಕೆ ಸಂಬಂಧಿಸಿದ ಮೂರು-ನಾಲ್ಕು ಮಾತುಕತೆ ಕೇಳಿ. ಎಲ್ಲಿ ಅರ್ಥ ಆಗೋದು ನಿಲ್ಲುತ್ತೋ ಅಲ್ಲಿಗೆ ಬೇಕಾದ ಒಂದು ಉಪನ್ಯಾಸ ಮಾತ್ರ ಹುಡುಕಿ ಕೇಳಿ. ಹಸಿವಾದಾಗ ಊಟ.

ಸೀಮಾಂತ
@ತಕ್ಕಡಿ ಆ ದಾರಿಯಲ್ಲಿ ಒಂದು ಅಪಾಯ ಇದೆ. ಎಲ್ಲಿ ಅರ್ಥ ಆಗಿಲ್ಲ ಅನ್ನೋದೇ ಹೊಸಬರಿಗೆ ಗೊತ್ತಾಗಲ್ಲ. "ಬೇಡಿಕೆ ಹೆಚ್ಚಾಯ್ತು, ಬೆಲೆ ಏರಿತು, ಬೆಲೆ ಏರಿದ್ದಕ್ಕೆ ಬೇಡಿಕೆ ಇಳೀತು, ಹಾಗಾಗಿ ಬೆಲೆ ಮತ್ತೆ ಮೊದಲಿನ ಜಾಗಕ್ಕೇ ಬಂತು" ಅಂತ ಯಾರಾದ್ರೂ ಹೇಳಿದ್ರೆ ಕಿವಿಗೆ ಸರಿಯಾಗೇ ಕೇಳಿಸುತ್ತೆ. ಆದ್ರೆ ಅಲ್ಲಿ "ಬೇಡಿಕೆ" ಅನ್ನೋ ಪದ ಎರಡು ಸಲ ಎರಡು ಅರ್ಥದಲ್ಲಿ ಬಂದಿದೆ. ಮೊದಲನೆಯದು ಇಡೀ ಬೇಡಿಕೆ ರೇಖೆ (ಯಾವ ಬೆಲೆಗೆ ಎಷ್ಟು ಕೊಳ್ತಾರೆ ಅಂತ ತೋರಿಸೋ ಗೆರೆ) ಜರುಗಿದ್ದು, ಎರಡನೆಯದು ಅದೇ ರೇಖೆಯ ಮೇಲೆ ಬಿಂದು ಜರುಗಿದ್ದು. ಹಾಳೆ ಮೇಲೆ ಗೆರೆ ಎಳೆಯದೆ ಇದು ಹಿಡಿಗೆ ಸಿಗಲ್ಲ.

ತಕ್ಕಡಿ
ಅದು ಸರಿ. ಗೆರೆ ಎಳೆಯೋ ಮಾತಿಗೆ ನನ್ನ ತಕರಾರಿಲ್ಲ.

ಲೆಕ್ಕದಪಟ್ಟಿ
ಬಿಸಿನೆಸ್ ಸಂದರ್ಶನ ಕೇಳೋರಿಗೆ. ಪಕ್ಕದಲ್ಲಿ ಒಂದು ಹಾಳೆ, ಮೂರು ಅಂಕಣ: ಏನು ಹೇಳಿದ್ರು, ಯಾವ ಅಂಕಿ ಕೊಟ್ಟರು, ಯಾವ ಅಂಕಿ ಕೊಡಲಿಲ್ಲ. ಮೂರನೆಯದೇ ಬೇಗ ತುಂಬುತ್ತೆ. ಎಡಬದಿಗೆ ನಿಮಿಷ-ಸೆಕೆಂಡ್ ಗುರುತು ಹಾಕಿ, ಆಮೇಲೆ ಹುಡುಕೋ ಕಷ್ಟ ತಪ್ಪುತ್ತೆ.

ಒಂದು ಉದಾಹರಣೆ. "ಒಬ್ಬ ಗ್ರಾಹಕನನ್ನ ತರೋಕೆ 600 ಖರ್ಚು, ತಿಂಗಳಿಗೆ ಅವರಿಂದ 50 ಉಳಿಯುತ್ತೆ" ಅಂದ್ರು ಅಂತಿಟ್ಟುಕೊಳ್ಳಿ. ಕೇಳೋಕೆ ಚೆಂದ. ಕೊಡದೇ ಇರೋ ಅಂಕಿ ಯಾವುದು? ತಿಂಗಳಿಗೆ ಎಷ್ಟು ಗ್ರಾಹಕರು ಬಿಟ್ಟು ಹೋಗ್ತಾರೆ ಅನ್ನೋದು. ಶೇ 5 ಬಿಟ್ಟು ಹೋದ್ರೆ ಸರಾಸರಿ ಒಬ್ಬರು 20 ತಿಂಗಳು ಇರ್ತಾರೆ, 20 × 50 = 1000. 600 ಹಾಕಿ 1000 ಬಂತು. ಶೇ 10 ಬಿಟ್ಟು ಹೋದ್ರೆ 10 ತಿಂಗಳು, 500. ಆಗ ಪ್ರತಿ ಹೊಸ ಗ್ರಾಹಕನ ಮೇಲೂ 100 ನಷ್ಟ, ಜಾಸ್ತಿ ಬೆಳೆದಷ್ಟೂ ಜಾಸ್ತಿ ಕಳ್ಕೊಳ್ತಾರೆ. ಸಂದರ್ಶನದಲ್ಲಿ "ನಾವು ಭಯಂಕರ ಬೆಳೀತಿದೀವಿ" ಅನ್ನೋ ವಾಕ್ಯ ಮಾತ್ರ ಎರಡೂ ಕಡೆ ಒಂದೇ.

ಆ 600ರಲ್ಲಿ ಏನೇನು ಸೇರಿದೆ ಅಂತಲೂ ನೋಡಿ. ಬರೀ ಜಾಹೀರಾತಿನ ಖರ್ಚು ಹೇಳಿ ಮಾರಾಟದವರ ಸಂಬಳ, ಮೊದಲ ತಿಂಗಳ ರಿಯಾಯಿತಿ ಬಿಟ್ಟುಬಿಡೋದು ಮಾಮೂಲಿ ಕೈಚಳಕ.

ಅರೆಬರೆಓದುಗ
ಸರ್, 5 ಶೇಕಡಾ ಅಂದ್ರೆ 20 ತಿಂಗಳು ಹೇಗೆ ಬಂತು?

ಲೆಕ್ಕದಪಟ್ಟಿ
1 ÷ 0.05. ಪ್ರತಿ ತಿಂಗಳೂ ಅದೇ ಪ್ರಮಾಣದಲ್ಲಿ ಬಿಟ್ಟು ಹೋಗ್ತಾರೆ ಅಂದುಕೊಂಡ್ರೆ ಮಾತ್ರ. ನಿಜದಲ್ಲಿ ಮೊದಲೆರಡು ತಿಂಗಳು ಹೆಚ್ಚು ಜನ ಹೋಗ್ತಾರೆ, ಉಳಿದವರು ಗಟ್ಟಿ ನಿಲ್ತಾರೆ. ಹಾಗಾಗಿ ಯಾವ ತಿಂಗಳಲ್ಲಿ ಸೇರಿದವರು ಈಗ ಎಷ್ಟು ಉಳಿದಿದ್ದಾರೆ ಅಂತ ಗುಂಪು ಗುಂಪಾಗಿ ಹೇಳೋರ ಮಾತಿಗೆ ಬೆಲೆ ಜಾಸ್ತಿ.

ಬಡಗಣಗಾಳಿ
ಛಲೋ ಹೇಳಿದ್ರಿ. ಇನ್ನೊಂದು ಮಾತು ಹೇಳ್ತೀನಿ ನೋಡ್ರಿ. "ವಾರ್ಷಿಕ ಆದಾಯ ಇಷ್ಟು ಕೋಟಿ" ಅಂತಾರಲ್ಲ, ಅದು ಖರೇನ ವರ್ಷದ್ದು ಹೌದೋ ಅಲ್ಲೋ ನೋಡಬೇಕ್ರಿ. ಒಂದು ಚಲೋ ತಿಂಗಳ ಹಿಡಿದು 12ರಿಂದ ಗುಣಿಸಿ ಹೇಳೋ ಮಂದಿ ಭಾಳ ಅದಾರ. ಇನ್ನ ಬೇರೆಯವರ ಮಾಲು ಮಾರಿಸೋ ವೇದಿಕೆ ಇದ್ರಂತೂ, ಅಲ್ಲಿ ಮಾರಾಟ ಆದ ಒಟ್ಟು ಮೌಲ್ಯ ಬ್ಯಾರೆ, ಅವರ ಕೈಗೆ ಬರೋ ಕಮಿಷನ್ ಬ್ಯಾರೆ. 100ರ ಮಾಲು ಮಾರಿ 8 ಕಮಿಷನ್ ಸಿಕ್ಕರ, ಆದಾಯ 8, ನೂರಲ್ಲ.

ಮೂರನೇಬೆಂಚು
100 ಅಂದ್ರೆ ಸಂದರ್ಶನ ಸಿಗುತ್ತೆ, 8 ಅಂದ್ರೆ ಸಿಗಲ್ಲ 🙂

ಕಡಲತಡಿ
ಒಂದು ದೊಡ್ಡ ಎಡವಟ್ಟು ಯಾರೂ ಹೇಳ್ಲಿಲ್ಲ ಮಾರಾಯ್ರೆ. "ಈ ಕಂಪನಿಯ ಬೆಲೆ ಆ ದೇಶದ ಜಿಡಿಪಿಗಿಂತ ದೊಡ್ಡದು" ಅಂತ ಎಷ್ಟು ಪಾಡ್‌ಕಾಸ್ಟ್‌ನಲ್ಲಿ ಕೇಳ್ತೇವೆ! ಜಿಡಿಪಿ ಅಂದ್ರೆ ದೇಶದಲ್ಲಿ ಒಂದು ವರ್ಷ ಉತ್ಪಾದನೆ ಆದ ಸರಕು-ಸೇವೆಯ ಮೌಲ್ಯ, ಹರಿದ ನೀರಿನ ಹಾಗೆ. ಕಂಪನಿಯ ಮಾರುಕಟ್ಟೆ ಮೌಲ್ಯ ಅಂದ್ರೆ ಅದರ ಎಲ್ಲಾ ಷೇರುಗಳ ಇವತ್ತಿನ ಒಟ್ಟು ಬೆಲೆ, ಕೆರೆಯಲ್ಲಿ ನಿಂತ ನೀರಿನ ಹಾಗೆ. ಎರಡನ್ನೂ ಪಕ್ಕಪಕ್ಕ ಇಟ್ಟು ಯಾವುದು ದೊಡ್ಡದು ಅಂತ ಕೇಳೋದಕ್ಕೆ ಅರ್ಥವೇ ಇಲ್ಲ. ಹೋಲಿಸೋದೇ ಆದ್ರೆ ಆ ಕಂಪನಿ ವರ್ಷಕ್ಕೆ ಸೇರಿಸುವ ಮೌಲ್ಯವನ್ನ, ಅಂದ್ರೆ ಮಾರಾಟದಲ್ಲಿ ಹೊರಗಿಂದ ಕೊಂಡದ್ದನ್ನ ಕಳೆದು ಉಳಿದದ್ದನ್ನ, ಜಿಡಿಪಿ ಜೊತೆ ಹೋಲಿಸಬೇಕು.

ಸೀಮಾಂತ
@ಕಡಲತಡಿ ನೂರಕ್ಕೆ ನೂರು. ಅದರ ಜೊತೆಗೆ ಕಿವಿಗೆ ಮೋಸ ಮಾಡೋ ಇನ್ನೆರಡು:

"ಹಣದುಬ್ಬರ ಶೇ 8ರಿಂದ ಶೇ 3ಕ್ಕೆ ಇಳೀತು." ಬೆಲೆ ಇಳೀತು ಅಂತ ಅರ್ಥ ಅಲ್ಲ. 100 ಇದ್ದದ್ದು 108 ಆಯ್ತು, ಅದರ ಮೇಲೆ ಶೇ 3 ಅಂದ್ರೆ 111.24. ಬೆಲೆ ಏರ್ತಾನೇ ಇದೆ, ಏರೋ ವೇಗ ಮಾತ್ರ ತಗ್ಗಿದೆ.

"ಬಡ್ಡಿ ಶೇ 4ರಿಂದ 5 ಆಯ್ತು, ಒಂದೇ ಒಂದು ಶೇಕಡಾ ಏರಿಕೆ." ಏರಿದ್ದು ಒಂದು ಶೇಕಡಾವಾರು ಅಂಶ, ಅಂದ್ರೆ 5ರಲ್ಲಿ 4 ಕಳೆದದ್ದು. ಬಡ್ಡಿಯ ಹೊರೆ ಏರಿದ್ದು ಶೇ 25. ಮಾತಾಡೋರು ತಮಗೆ ಯಾವುದು ಅನುಕೂಲವೋ ಅದನ್ನ ಆರಿಸ್ಕೊಳ್ತಾರೆ.

ಅರೆಬರೆಓದುಗ
ಈ "ಶೇಕಡಾವಾರು ಅಂಶ", "ಸ್ಥಿತಿಸ್ಥಾಪಕತ್ವ" ಎಲ್ಲಾ ಓದಿದ್ರೆ ಕನ್ನಡದಲ್ಲೂ ಅರ್ಥಶಾಸ್ತ್ರ ಬೇರೆ ಭಾಷೆ ಅನ್ಸುತ್ತೆ.

ಬಡಗಣಗಾಳಿ
ಸ್ಥಿತಿಸ್ಥಾಪಕತ್ವ ಅಂದ್ರ ರಬ್ಬರ್ ಹಂಗ ಎಳೆದ್ರ ಎಷ್ಟು ಹಿಗ್ಗತೈತಿ ಅನ್ನೋದು, ಅಷ್ಟ. ಬೆಲೆ ಶೇ 10 ಏರಿದಾಗ ಮಾರಾಟ ಶೇ 20 ಬಿದ್ರ ಭಾಳ ಹಿಗ್ಗೋ ಬೇಡಿಕೆ, ಶೇ 2 ಬಿದ್ರ ಹಿಗ್ಗದ ಬೇಡಿಕೆ. ಪದ ನೋಡಿ ಅಂಜಬ್ಯಾಡ್ರಿ.

ತಕ್ಕಡಿ
ನಿಜವಾದ ತೊಂದರೆ ಕಷ್ಟದ ಪದಗಳದ್ದಲ್ಲ, ಸುಲಭ ಪದಗಳದ್ದು. "ನಾಮಮಾತ್ರ ಬಡ್ಡಿ" ಅಂದ್ರೆ ಆಡುಮಾತಿನಲ್ಲಿ ಹೆಸರಿಗೆ ಮಾತ್ರದ, ತೀರಾ ಕಡಿಮೆ ಬಡ್ಡಿ. ಪಠ್ಯಪುಸ್ತಕದಲ್ಲಿ ಅದು ಹಣದುಬ್ಬರ ಕಳೆಯದೆ ಹೇಳಿದ ಬಡ್ಡಿ, ಶೇ 30 ಇದ್ರೂ ನಾಮಮಾತ್ರವೇ. "ಹೂಡಿಕೆ" ಕೂಡ ಹಾಗೇ. ಷೇರು ಕೊಂಡದ್ದನ್ನ ನಾವು ಹೂಡಿಕೆ ಅಂತೀವಿ. ಜಿಡಿಪಿ ಲೆಕ್ಕದಲ್ಲಿ ಹೂಡಿಕೆ ಅಂದ್ರೆ ಹೊಸ ಯಂತ್ರ, ಕಟ್ಟಡ, ಸಾಫ್ಟ್‌ವೇರ್, ಉಗ್ರಾಣದಲ್ಲಿ ಹೆಚ್ಚಾದ ಸರಕು. ಹಳೇ ಷೇರು ಕೈ ಬದಲಾದ್ರೆ ಅಲ್ಲಿ ಹೂಡಿಕೆ ಸೊನ್ನೆ.

ಅರೆಬರೆಓದುಗ
ಅಯ್ಯೋ, ಹೂಡಿಕೆದು ಗೊತ್ತೇ ಇರಲಿಲ್ಲ.

ಇಯರ್‌ಫೋನ್‌ತಂತಿ
ವೇಗದ ಪ್ರಶ್ನೆಗೆ ಯಾರೂ ನೆಟ್ಟಗೆ ಉತ್ತರ ಕೊಟ್ಟಿಲ್ಲ. ಸಾಮಾನ್ಯ ಮಾತು ನಿಮಿಷಕ್ಕೆ ಸುಮಾರು 150 ಇಂಗ್ಲಿಷ್ ಪದ. 1.5 ಪಟ್ಟು ಅಂದ್ರೆ 225. ಹರಟೆ, ಪರಿಚಯ, ಬಾಲ್ಯದ ಕತೆ ಎಲ್ಲಾ ಈ ವೇಗದಲ್ಲಿ ದಾಟಿ ಹೋಗಬಹುದು. ಅಂಕಿ ಬಂದ ತಕ್ಷಣ 1ಕ್ಕೆ ಇಳಿಸಿ, ಬೇಕಿದ್ರೆ 15 ಸೆಕೆಂಡ್ ಹಿಂದೆ ಹೋಗಿ. ಕೆಲವು ಆ್ಯಪ್‌ಗಳಲ್ಲಿ ನಡುವಿನ ಮೌನ ಕತ್ತರಿಸೋ ಸೆಟ್ಟಿಂಗ್ ಇರುತ್ತೆ, ಸಂದರ್ಶನಕ್ಕೆ ಅದನ್ನ ಆಫ್ ಮಾಡಿಡಿ. ಪ್ರಶ್ನೆ ಕೇಳಿದ ಮೇಲೆ ಎಷ್ಟು ಹೊತ್ತು ತಡವರಿಸಿದ್ರು ಅನ್ನೋದೂ ಮಾಹಿತಿನೇ.

ಯಂತ್ರ ಬರೆದ ಲಿಖಿತ ಪಠ್ಯ ನಂಬಿ ಅಂಕಿ ಬರ್ಕೋಬೇಡಿ. ಫಿಫ್ಟೀನ್ ಫಿಫ್ಟಿ ಆಗಿರುತ್ತೆ, ಥರ್ಟೀನ್ ಥರ್ಟಿ ಆಗಿರುತ್ತೆ, ಮಿಲಿಯನ್ ಬಿಲಿಯನ್ ಆಗಿರುತ್ತೆ. ಎಲ್ಲಕ್ಕಿಂತ ಕೆಟ್ಟದ್ದು "ಕ್ಯಾನ್" ಮತ್ತು "ಕಾಂಟ್". ಒಂದು ಅಕ್ಷರ ನುಂಗಿದ್ರೆ ಇಡೀ ವಾದ ತಿರುಗಿಬಿಡುತ್ತೆ.

ಮೂರನೇಬೆಂಚು
ಇಷ್ಟೆಲ್ಲಾ ಯಾಕೆ, ಎಐಗೆ ಕೊಟ್ಟು ಐದು ಸಾಲಿನ ಸಾರಾಂಶ ತಗೊಂಡ್ರೆ ಮುಗೀತಲ್ಲ?

ಸೀಮಾಂತ
ಸಾರಾಂಶದಲ್ಲಿ ಮೊದಲು ಉದುರೋದೇ ಷರತ್ತುಗಳು. "ಉಳಿದೆಲ್ಲ ಹಾಗೇ ಇದ್ದರೆ", "ಅಲ್ಪಾವಧಿಯಲ್ಲಿ", "ಆಮದು ಸುಲಭ ಇಲ್ಲದಿದ್ದಾಗ". ಅರ್ಥಶಾಸ್ತ್ರದಲ್ಲಿ ಜೀವ ಇರೋದು ಅಲ್ಲೇ. ಯಾವ ಸಂಚಿಕೆ ಕೇಳಬೇಕು ಅಂತ ಆರಿಸೋಕೆ ಸಾರಾಂಶ ಬಳಸಿ, ಕೇಳೋ ಬದಲಿಗೆ ಬೇಡ.

ಕಡಲತಡಿ
ಮನುಷ್ಯರೇ ಕೇಳಿ ತಿದ್ದಿದ ಪಠ್ಯ ಸಿಕ್ಕಿದ್ರೆ ಒಳ್ಳೇದು. ರಸ್ ರಾಬರ್ಟ್ಸ್ ನಡೆಸೋ ಎಕಾನ್‌ಟಾಕ್ ಅನ್ನೋ ಅರ್ಥಶಾಸ್ತ್ರದ ಪಾಡ್‌ಕಾಸ್ಟ್ 2006ರಿಂದ ವಾರಕ್ಕೊಂದು ಬರ್ತಾ ಇದೆ, ಹಳೇ ಕಂತುಗಳೂ ಜಾಲತಾಣದಲ್ಲಿ ಉಂಟು, ಪಠ್ಯವೂ ಉಂಟು. ನಿರೂಪಕರಿಗೆ ಮಾರುಕಟ್ಟೆ ಪರ ಒಲವಿದೆ, ಅದನ್ನ ಅವರು ಮುಚ್ಚಿಡೋದಿಲ್ಲ. ಹಾಗಾಗಿ ಅವರಿಗೆ ಒಪ್ಪಿಗೆ ಆಗದ ಅತಿಥಿ ಬಂದ ಕಂತುಗಳನ್ನ ಆರಿಸಿ ಕೇಳಿ. ತಲೆ ಆಡಿಸೋ ನಿರೂಪಕರಿಂದ ಏನೂ ಹೊರಗೆ ಬರೋದಿಲ್ಲ.

ಅರ್ಥಶಾಸ್ತ್ರದ ನೊಬೆಲ್ ಭಾಷಣಗಳನ್ನೂ ಮರೀಬೇಡಿ. 2009ರಲ್ಲಿ ಎಲಿನಾರ್ ಆಸ್ಟ್ರಮ್ ಮಾಡಿದ್ದು ಹುಡುಕಿ. ಊರಿನ ಕಾಡು, ನೀರು, ಮೀನು ಇಂಥ ಹಂಚಿಕೊಂಡ ಸಂಪತ್ತನ್ನ ಸರ್ಕಾರವೂ ಇಲ್ಲದೆ ಖಾಸಗಿ ಒಡೆತನವೂ ಇಲ್ಲದೆ ಜನ ಹೇಗೆ ಕಾಯ್ತಾರೆ ಅನ್ನೋದು ವಿಷಯ. ಭಾಷಣದ ಜೊತೆ ಸ್ಲೈಡ್ ಕೂಡ ತೆರೆದಿಟ್ಟುಕೊಳ್ಳಿ, ಇಲ್ಲದಿದ್ರೆ ಅರ್ಧ ತಪ್ಪುತ್ತೆ.

ಕಿವಿಗೊಟ್ಟವ
ಎಲ್ಲರಿಗೂ ಧನ್ಯವಾದ. ಮೂರನೇ ಪ್ರಶ್ನೆ ಹಾಗೇ ಉಳೀತು. ಇಬ್ಬರೂ ಪಂಡಿತರು, ಇಬ್ಬರೂ ಅಂಕಿ ಕೊಡ್ತಾರೆ, ತೀರ್ಮಾನ ಮಾತ್ರ ಉಲ್ಟಾ. ಆಗ?

ಸೀಮಾಂತ
ಯಾರು ಗೆದ್ದರು ಅಂತ ನೋಡಬೇಡಿ. ಯಾವುದನ್ನ ಯಾವುದರ ಜೊತೆ ಹೋಲಿಸಿದ್ರು, ಅಂಕಿ ಎಲ್ಲಿಂದ ತಂದ್ರು, ಅಷ್ಟು ನೋಡಿ.

ಕನಿಷ್ಠ ವೇತನ ಏರಿಸಿದ್ರೆ ಕೆಲಸ ಕಡಿಮೆ ಆಗುತ್ತಾ ಅನ್ನೋ ಜಗಳ ತಗೊಳ್ಳಿ. ಅಮೆರಿಕದ ನ್ಯೂ ಜೆರ್ಸಿಯಲ್ಲಿ 1992ರ ಏಪ್ರಿಲ್‌ನಲ್ಲಿ ಕನಿಷ್ಠ ವೇತನ ಗಂಟೆಗೆ 4.25 ಡಾಲರ್ ಇದ್ದದ್ದು 5.05 ಆಯ್ತು. ಪಕ್ಕದ ಪೆನ್ಸಿಲ್ವೇನಿಯಾದಲ್ಲಿ ಏರಲಿಲ್ಲ. ಅರ್ಥಶಾಸ್ತ್ರಜ್ಞರಾದ ಡೇವಿಡ್ ಕಾರ್ಡ್, ಅಲನ್ ಕ್ರೂಗರ್ ಗಡಿಯ ಎರಡೂ ಕಡೆಯ 410 ಫಾಸ್ಟ್‌ಫುಡ್ ಮಳಿಗೆಗಳನ್ನ ಏರಿಕೆಗೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ವಿಚಾರಿಸಿದ್ರು. ಕೆಲಸ ಕಡಿಮೆ ಆಗಿಲ್ಲ ಅಂತ 1994ರಲ್ಲಿ ಬರೆದ್ರು. ಡೇವಿಡ್ ನ್ಯೂಮಾರ್ಕ್, ವಿಲಿಯಂ ವಾಷರ್ ಎಂಬ ಇನ್ನಿಬ್ಬರು, ಮೊದಲಿನವರು ಫೋನ್ ಮಾಡಿ ಕೇಳಿದ್ದ ಉತ್ತರದ ಬದಲು ಮಳಿಗೆಗಳ ಸಂಬಳದ ದಾಖಲೆ ತಗೊಂಡು, ಕೆಲಸ ಕಡಿಮೆ ಆಗಿದೆ ಅಂದ್ರು. ಅದು ಅಚ್ಚಾದದ್ದು 2000ದಲ್ಲಿ, ಪತ್ರಿಕೆಯ ಅದೇ ಸಂಚಿಕೆಯಲ್ಲಿ ಮೊದಲಿನವರ ಮರು ಉತ್ತರವೂ ಇತ್ತು, ಈ ಸಲ ಸರ್ಕಾರಿ ದಾಖಲೆ ಹಿಡಿದು. 2021ರಲ್ಲಿ ಕಾರ್ಡ್‌ಗೆ ನೊಬೆಲ್ ಬಂತು. ಕ್ರೂಗರ್ 2019ರಲ್ಲೇ ತೀರಿಕೊಂಡಿದ್ದರು.

ಈಗ ಈ ವಿಷಯದ ಯಾವುದೇ ಸಂದರ್ಶನ ಕೇಳಿದಾಗ ಕೇಳಿಕೊಳ್ಳಿ. ಇವರ ಅಂಕಿ ಫೋನ್ ಸಮೀಕ್ಷೆಯದ್ದಾ, ಸಂಬಳದ ಪುಸ್ತಕದ್ದಾ? ಎಣಿಸಿದ್ದು ತಲೆಯನ್ನಾ, ಗಂಟೆಯನ್ನಾ? ಏರಿಸಿದ್ದು ಎಷ್ಟು, ಅಲ್ಲಿನ ಸರಾಸರಿ ಕೂಲಿ ಎಷ್ಟಿತ್ತು? ಸಣ್ಣ ಏರಿಕೆಯ ಫಲಿತಾಂಶ ಹಿಡಿದು ದೊಡ್ಡ ಏರಿಕೆಗೆ ಸಮರ್ಥನೆ ಕೊಡೋರೂ ಇದ್ದಾರೆ, ಅಲ್ಲಿ ಮಾತು ನಿಲ್ಲಿಸಿ ಯೋಚನೆ ಮಾಡಿ.

ತಕ್ಕಡಿ
ಈ ಉತ್ತರ ಮೇಲೆ ಪಿನ್ ಮಾಡಬೇಕು.

ಬಡಗಣಗಾಳಿ
ಇನ್ನ ಗೆದ್ದವರ ಸಂದರ್ಶನದ ಬಗ್ಗೆ. ಗೆದ್ದೆತ್ತಿನ ಬಾಲ ಹಿಡಿಯೋದು ಅಂತ ಗಾದೀನ ಐತಲ್ರಿ. "ಕಾಲೇಜು ಬಿಟ್ಟೆ, ಸಾಲ ಮಾಡಿದೆ, ಧೈರ್ಯ ಮಾಡಿದೆ, ಗೆದ್ದೆ." ಕಾಲೇಜು ಬಿಟ್ಟು ಸಾಲ ಮಾಡಿ ಮುಳುಗಿದವರನ್ನ ಯಾರೂ ಮೈಕ್ ಮುಂದ ಕೂಡಿಸಂಗಿಲ್ಲ.

ಮೂರನೇಬೆಂಚು
ಈಗ ಯಾರೋ ಆ ಯುದ್ಧವಿಮಾನದ ಗುಂಡಿನ ತೂತಿನ ಕತೆ ಹೇಳ್ತಾರೆ, ವಾಪಸ್ ಬಂದ ವಿಮಾನಗಳನ್ನ ಮಾತ್ರ ನೋಡಿ, ಬಿದ್ದುಹೋದವನ್ನ ಮರೆಯೋ ತಪ್ಪಿನ ಕತೆ. ದಯವಿಟ್ಟು ಬೇಡ.

ಲೆಕ್ಕದಪಟ್ಟಿ
ಹೇಳಲ್ಲ ಬಿಡಿ. ಗೆದ್ದವರ ಮಾತನ್ನಷ್ಟೇ ಕೇಳೋ ಈ ರೋಗಕ್ಕೆ ಮದ್ದು ಇದೆ. ಗೆದ್ದವರ ಮಾತಿನಿಂದ "ಯಾಕೆ ಗೆದ್ದೆ" ಅನ್ನೋದನ್ನ ಬಿಟ್ಟು "ಹೇಗೆ ನಡೆಸ್ತೀವಿ" ಅನ್ನೋದನ್ನ ಮಾತ್ರ ತಗೊಳ್ಳಿ. ಕಾರಣ ಹೇಳುವಾಗ ಎಲ್ಲರೂ ಕತೆಗಾರರು. ಸಾಲ ಎಷ್ಟು ದಿನಕ್ಕೆ ವಸೂಲಿ ಆಗುತ್ತೆ, ಸರಕು ಎಷ್ಟು ದಿನ ಕೂತಿರುತ್ತೆ ಅಂತ ಹೇಳುವಾಗ ಅಷ್ಟು ಸುಲಭವಾಗಿ ಕತೆ ಕಟ್ಟೋಕೆ ಆಗಲ್ಲ.

ಉದಾಹರಣೆಗೆ ಸರಕು 45 ದಿನ ಕೂತಿರುತ್ತೆ, ಗಿರಾಕಿಗೆ 60 ದಿನ ಉದ್ರಿ, ತಮಗೆ ಮಾಲು ಕೊಟ್ಟವರಿಗೆ 30 ದಿನದಲ್ಲಿ ದುಡ್ಡು ಕೊಡಬೇಕು ಅಂದ್ರು. 45 + 60 − 30 = 75 ದಿನ. ದಿನಕ್ಕೆ 10,000ದ ಮಾಲು ಹೋದ್ರೆ ಸರಿಸುಮಾರು 7.5 ಲಕ್ಷ ಸದಾ ಒಳಗೆ ಸಿಕ್ಕಿಹಾಕಿಕೊಂಡಿರುತ್ತೆ. ವ್ಯಾಪಾರ ದುಪ್ಪಟ್ಟಾದ್ರೆ 15 ಲಕ್ಷ. ಲಾಭದಲ್ಲಿರೋ ಕಂಪನಿ ಬೆಳೆಯುವಾಗಲೇ ಕೈ ಖಾಲಿ ಮಾಡಿಕೊಳ್ಳೋದು ಹೀಗೆ. "ನಮಗೆ ಆರ್ಡರ್ ಜಾಸ್ತಿ ಬಂದಾಗಲೇ ಕಷ್ಟ ಶುರುವಾಯ್ತು" ಅಂತ ಯಾರಾದ್ರೂ ಸಂದರ್ಶನದಲ್ಲಿ ಹೇಳಿದ್ರೆ ಈ ಮೂರು ಅಂಕಿ ಹುಡುಕಿ.

ಕಡಲತಡಿ
ಷೇರುಪೇಟೆ ಕಂಪನಿಗಳ ತ್ರೈಮಾಸಿಕ ಫಲಿತಾಂಶದ ಕರೆಗಳೂ, ಅಂದ್ರೆ ಮೂರು ತಿಂಗಳ ಲೆಕ್ಕವನ್ನ ಹೂಡಿಕೆದಾರರಿಗೆ ಹೇಳೋ ಫೋನ್ ಸಭೆಗಳೂ, ಇದಕ್ಕೆ ಒಳ್ಳೇದು. ಮೊದಲರ್ಧ ಬರೆದು ತಂದದ್ದನ್ನ ಓದ್ತಾರೆ, ದಾಟಿಸಿಬಿಡಿ. ವಿಶ್ಲೇಷಕರ ಪ್ರಶ್ನೆ ಶುರು ಆದಲ್ಲಿಂದ ಕೇಳಿ. ಒಂದೇ ಕಂಪನಿಯ ಸತತ ನಾಲ್ಕು ಕರೆ ಕೇಳಿದ್ರೆ ಇನ್ನೊಂದು ಗೊತ್ತಾಗ್ತದೆ: ಹೋದ ಸಲ ಎದೆ ತಟ್ಟಿ ಹೇಳಿದ ಅಂಕಿ ಈ ಸಲ ಮಾಯ ಆಗಿದ್ಯಾ ಅಂತ.

ಸೀಮಾಂತ
ಇದೇ ಉಪಾಯ ವಾರೆನ್ ಬಫೆಟ್ ಬೆಳೆಸಿದ ಹೂಡಿಕೆ ಕಂಪನಿ ಬರ್ಕ್‌ಷೈರ್ ಹ್ಯಾಥವೇ ವಾರ್ಷಿಕ ಸಭೆಗಳಿಗೂ ಹೊಂದುತ್ತೆ. 1994ರಿಂದೀಚಿನ ವಿಡಿಯೋ, ಪಠ್ಯ ಎರಡೂ ಸಿಎನ್‌ಬಿಸಿ ಸುದ್ದಿವಾಹಿನಿಯ ಸಂಗ್ರಹದಲ್ಲಿವೆ. ಮೊದಲಿಂದ ಕೊನೆವರೆಗೆ ಕೇಳೋಕೆ ಹೊರಟ್ರೆ ಆಯುಷ್ಯ ಸಾಲದು. "ಹಣದುಬ್ಬರ" ಅಂತ ಒಂದು ಪದ ಹುಡುಕಿ, ಬೇರೆ ಬೇರೆ ವರ್ಷದ ಉತ್ತರ ಮಾತ್ರ ಕೇಳಿ.

ಅರೆಬರೆಓದುಗ
ಬೆನ್ ಪೊಲಾಕ್ ಮೊದಲ ಪಾಠ ತೆಗೆದೆ. 1ರಿಂದ 100ರೊಳಗೆ ಒಂದು ಸಂಖ್ಯೆ ಬರೀರಿ, ಎಲ್ಲರ ಸರಾಸರಿಯ ಮೂರನೇ ಎರಡು ಭಾಗಕ್ಕೆ ಹತ್ತಿರ ಇರೋರು ಗೆಲ್ತಾರೆ ಅಂತ ಆಟ. 33 ಸರಿನಾ?

ಸೀಮಾಂತ
ಮುಂದಿನ ಪಾಠ ಒತ್ತೋ ಮುಂಚೆ ಬರೆದಿಟ್ಟಿರಲ್ಲ, ಅದೇ ಸರಿ. 33 ಅಂದ್ರೆ ಉಳಿದವರೆಲ್ಲ ಕಣ್ಣುಮುಚ್ಚಿ ಬರೀತಾರೆ, ಸರಾಸರಿ 50 ಅಂತ ನೀವು ಅಂದುಕೊಂಡಿದ್ದೀರಿ. ಅವರೂ ನಿಮ್ಮ ಹಾಗೇ ಯೋಚಿಸಿ 33 ಬರೆದ್ರೆ? 22. ಹೀಗೇ ಇಳಿದ್ರೆ 1ಕ್ಕೆ ಬಂದು ನಿಲ್ಲುತ್ತೆ. ಆದ್ರೆ 1 ಬರೆದವರು ಸಾಮಾನ್ಯವಾಗಿ ಗೆಲ್ಲಲ್ಲ, ಯಾಕಂದ್ರೆ ತರಗತಿಯಲ್ಲಿ ಎಲ್ಲರೂ ಅಷ್ಟು ಕೆಳಗೆ ಇಳಿಯಲ್ಲ. ಎರಡನೇ ಪಾಠ ಕೇಳಿ.

ಲೆಕ್ಕದಪಟ್ಟಿ
ಕೇಳಿದ್ದು ತಲೆಗೆ ಹೋಯ್ತಾ ಅಂತ ಪರೀಕ್ಷೆ ಮಾಡಿಕೊಳ್ಳೋಕೆ ಒಂದು ಲೆಕ್ಕ. ಸಂದರ್ಶನದಲ್ಲಿ ಒಬ್ಬರು ಅಂತಾರೆ: "ಒಂದೇ ವರ್ಷದಲ್ಲಿ ಮಾರಾಟ ಮೂರು ಪಟ್ಟು ಮಾಡಿದ್ವಿ, ಖರ್ಚು ಎರಡೇ ಪಟ್ಟು ಆಯ್ತು." ಎರಡೂ ನಿಜ ಅಂತಿಟ್ಟುಕೊಳ್ಳಿ. ಅವರ ನಷ್ಟ ಹೆಚ್ಚಾಗಿರೋಕೆ ಸಾಧ್ಯನಾ?

ಮೂರನೇಬೆಂಚು
ಸಾಧ್ಯವೇ ಇಲ್ಲ. ಮೂರು ಎರಡಕ್ಕಿಂತ ದೊಡ್ಡದು, ಇದಕ್ಕೆ ಪಾಡ್‌ಕಾಸ್ಟ್ ಬೇರೆ ಬೇಕಾ.

ಬಡಗಣಗಾಳಿ
ತಡೀರಿ. ಮೊದಲು ಮಾರಾಟ 100, ಖರ್ಚು 250 ಇತ್ತು ಅನ್ರಿ. ನಷ್ಟ 150. ಈಗ ಮಾರಾಟ 300, ಖರ್ಚು 500. ನಷ್ಟ 200. ಹೆಚ್ಚಾತಲ್ರಿ!

ಮೂರನೇಬೆಂಚು
…ಸರಿ, ಹಿಂದಿನ ಬೆಂಚಿಗೆ ಹೋಗ್ತೀನಿ.

ಕಿವಿಗೊಟ್ಟವ
ಹಾಳೆ ತಗೊಂಡು ಬರೆದು ನೋಡಿದೆ. ಮೊದಲು 100, 200 ಇದ್ರೆ ನಷ್ಟ 100. ಆಮೇಲೆ 300, 400. ಆಗಲೂ 100. ಹಾಗಾದ್ರೆ ಶುರುವಿನಲ್ಲಿ ಖರ್ಚು ಮಾರಾಟದ ಎರಡು ಪಟ್ಟಿಗಿಂತ ಹೆಚ್ಚಿದ್ರೆ ನಷ್ಟ ಬೆಳೆಯುತ್ತೆ, ಕಡಿಮೆ ಇದ್ರೆ ಇಳಿಯುತ್ತೆ. ಸರಿ ತಾನೇ @ಲೆಕ್ಕದಪಟ್ಟಿ?

ಲೆಕ್ಕದಪಟ್ಟಿ
ಸರಿ. ಮೂರನೇ ಅಂಕಣದಲ್ಲಿ ಬರ್ಕೊಳ್ಳಿ: "ಹೋದ ವರ್ಷದ ಖರ್ಚು ಎಷ್ಟು?"